ಮೂರನೇ ಮಹಡಿಗೆ ಹೊತ್ತ ಹೊಟ್ಟೆಕಿಚ್ಚು

ಬ್ಯಾಟರಿಗೆ ಬೆಂಕಿ ಹತ್ತಬಹುದಿತ್ತು. ಹತ್ತದಿದ್ದರೆ ಶೀಳ್‌ಫಾಟಾದ ನಡುರಸ್ತೆಯಲ್ಲಿ ಅದು ಖಾಲಿಯಾಗಬಹುದಿತ್ತು. ಖಾಲಿಯಾಗದಿದ್ದರೂ, ಕಳಂಬೋಲಿಯ ಕಬ್ಬಿಣದ ಪೇಟೆಯಿಂದ ಸರಳು ಹೇರಿಕೊಂಡು, ಬಾಲಕ್ಕೊಂದು ಕೆಂಪು ಚಿಂದಿ ಕಟ್ಟಿಕೊಂಡು ಹೋಗುವ ಟ್ರಕ್ಕು ಮುಂದೆ ಸಿಕ್ಕಿ ತಟ್ಟನೆ ನಿಲ್ಲಬಹುದಿತ್ತು. ಮೆಟ್ರೋ ಕಂಬ ಏಳಿಸುವವರು ನಿನ್ನೆ ಎಡಕ್ಕೆ ತಿರುಗಿಸಿದ್ದ ರಸ್ತೆಯನ್ನು ಇವತ್ತು ಬಲಕ್ಕೆ ತಿರುಗಿಸಿರಬಹುದಿತ್ತು. ದುಪಟ್ಟಾ ಚಕ್ರಕ್ಕೆ ಸಿಕ್ಕಬಹುದಿತ್ತು. ಗಾಡಿಗೆ ಸದ್ದೇ ಇಲ್ಲವಾದ್ದರಿಂದ ರಸ್ತೆಯಲ್ಲಿ ಮಲಗಿದ ನಾಯಿಗೆ ಅದು ಬಂದದ್ದೇ ತಿಳಿಯದೆ, ಕೊನೇ ಗಳಿಗೆಯಲ್ಲಿ ಎಚ್ಚರವಾಗಿ, ನಿದ್ದೆ ಕೆಟ್ಟ ಸಿಟ್ಟಿಗೆ ಮಹಾಪೆಯವರೆಗೆ ಅಟ್ಟಿಸಿಕೊಂಡು ಬರಬಹುದಿತ್ತು. ಫೋನಿನ ನಕ್ಷೆಯೊಳಗೆ ಕುಳಿತ ಹೆಂಗಸು ಬಲಕ್ಕೆ ತಿರುಗಿ, ಬಲಕ್ಕೆ ತಿರುಗಿ ಎನ್ನುತ್ತ ದಾರಿಯೇ ಅಲ್ಲದ ತಳೋಜಕ್ಕೆ ಮುಟ್ಟಿಸಬಹುದಿತ್ತು. ಹೆಲ್ಮೆಟ್ಟಿನ ಕೊಂಡಿ ಸಿಕ್ಕಿಹಾಕಿಕೊಂಡು, ಇಡೀ ದಿನ ಹೆಲ್ಮೆಟ್ಟು ಹಾಕಿಕೊಂಡೇ ರೋಗಿಗಳ ರಕ್ತ ತೆಗೆಯುವ ಪ್ರಸಂಗ ನನ್ನ ಹೆಂಡತಿಗೆ ಬರಬಹುದಿತ್ತು.

ದಸರೆ ಮುಗಿದ ಸೋಮವಾರ ಬೆಳಿಗ್ಗೆ, ನಾನು ಹಲ್ಲುಜ್ಜಿ ಮುಗಿಸುವುದರೊಳಗೆ ಇವಿಷ್ಟೂ ನನ್ನ ತಲೆಯಲ್ಲಿ ಸಾಲಾಗಿ ಬಂದು ನಿಂತಿದ್ದವು. ಮಳೆಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಅದು ಮುಖ ತೊಳೆಯುವಾಗ ಹೊಳೆಯಿತು. ಚಿಂತೆ ಎನ್ನುವುದು ನನಗೆ ಅಭ್ಯಾಸವಲ್ಲ, ಕುಲಕಸುಬು. ನನ್ನ ತಂದೆ ಉಡುಪಿಯಲ್ಲಿ ಬಸ್ಸು ಹತ್ತಿದರೆ ಮಂಗಳೂರು ಮುಟ್ಟುವ ತನಕ ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತು, ತಮ್ಮ ಬಲಗಾಲಿನಿಂದ ಬಸ್ಸಿನ ಬ್ರೇಕು ಒತ್ತುತ್ತ ಇರುತ್ತಿದ್ದರು. ಬಸ್ಸು ಒಂದು ಸಲವೂ ಎಲ್ಲಿಗೂ ಗುದ್ದಲಿಲ್ಲ. ಅದರ ಕೀರ್ತಿ ತಮಗೇ ಸಲ್ಲಬೇಕೆಂದು ಅವರು ಕೊನೆಯವರೆಗೂ ನಂಬಿದ್ದರು. ಆ ಬಲಗಾಲನ್ನು ನಾನು ಆಸ್ತಿಯಾಗಿ ಪಡೆದಿದ್ದೇನೆ.

ಮೇಲೆ ಹೇಳಿದ್ದರಲ್ಲಿ ಒಂದೂ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ, ನೀವೂ ನನ್ನ ಹಾಗೆ ಚಿಂತೆಯ ಜಾತಿಯವರಾಗಿದ್ದಲ್ಲಿ, ಮುಂದೆ ಓದಲಾರಿರಿ. ಆದದ್ದು ಬೇರೆಯೇ ಒಂದು; ಬಲು ಸಣ್ಣದು. ಅದು ಆದದ್ದು ಅವಳಿಗಲ್ಲ, ನನಗೆ. ಅದಕ್ಕೆ ಬರುವ ಮೊದಲು ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ನಗಬೇಡಿ. ನನಗೆ ಐವತ್ತೆರಡು ವರ್ಷ. ತಲೆಯ ಮೇಲೆ ಉಳಿದಿರುವ ಕೂದಲೆಲ್ಲ ಬಿಳಿ. ಈ ವಯಸ್ಸಿನಲ್ಲಿ ನನಗೆ ಹೊಟ್ಟೆಕಿಚ್ಚು ಶುರುವಾಗಿದೆ, ಅದೂ ಒಂದು ಸ್ಕೂಟರಿನ ಮೇಲೆ. ತಿಳಿ ಹಸಿರು ಬಣ್ಣದ, ಹೊಗೆಯಿಲ್ಲದ, ಸದ್ದಿಲ್ಲದ, ನನ್ನ ಹೆಂಡತಿ ಸುಮತಿಯ ಬ್ಯಾಟರಿ ಸ್ಕೂಟರಿನ ಮೇಲೆ.

ಇದು ಅರ್ಥವಾಗಬೇಕಾದರೆ ನಮ್ಮ ಹನ್ನೆರಡು ನಿಮಿಷದ ವಿಷಯ ನಿಮಗೆ ಗೊತ್ತಿರಬೇಕು.

ನಾವು ಡೊಂಬಿವಲಿ ಪೂರ್ವದಲ್ಲಿ ಇರುವವರು. ನನ್ನ ಆಫೀಸು ಥಾಣೆಯಲ್ಲಿ, ಅವಳ ಲ್ಯಾಬೊರೇಟರಿ ಐರೋಲಿಯಲ್ಲಿ. ಇಪ್ಪತ್ತೊಂದು ವರ್ಷ ನಾವು ಒಂದೇ ಹೊತ್ತಿಗೆ ಬಾಗಿಲಿಗೆ ಬೀಗ ಹಾಕಿ, ಒಂದೇ ಟ್ರೇನಿಗೆ ಹೊರಟವರು. ಗಂಡ ಹೆಂಡತಿ ದಿನಾ ಜೊತೆಗೆ ಪ್ರಯಾಣ ಮಾಡುತ್ತಾರೆ ಎಂದು ಊರಿನ ನೆಂಟರು ಮೆಚ್ಚಿಕೊಂಡಿದ್ದರು. ಅವರಿಗೆ ಮುಂಬಯಿಯ ಲೋಕಲ್ ಗೊತ್ತಿಲ್ಲ. ಪ್ಲಾಟ್‌ಫಾರ್ಮಿಗೆ ಬಂದ ಕೂಡಲೇ ಅವಳು ಹೆಂಗಸರ ಡಬ್ಬಿಗೆ, ನಾನು ಗಂಡಸರ ನೂಕುನುಗ್ಗಲಿಗೆ. ಥಾಣೆಯಲ್ಲಿ ಅವಳೂ ಇಳಿಯುತ್ತಾಳೆ, ನಾನೂ ಇಳಿಯುತ್ತೇನೆ. ಆದರೆ ಅಲ್ಲಿನ ಜನಸಾಗರದಲ್ಲಿ ಒಬ್ಬರ ಮುಖ ಒಬ್ಬರಿಗೆ ಕಂಡದ್ದು ಇಪ್ಪತ್ತೊಂದು ವರ್ಷದಲ್ಲಿ ಮೂರೋ ನಾಲ್ಕೋ ಸಲ. ಅವಳು ಐರೋಲಿಯ ಗಾಡಿ ಹಿಡಿಯಲು ಸೇತುವೆ ಹತ್ತುತ್ತಾಳೆ, ನಾನು ಬೀದಿಗೆ ಇಳಿಯುತ್ತೇನೆ. ಹಾಗಾಗಿ ಜೊತೆಗಿನ ನಮ್ಮ ಪ್ರಯಾಣವೆಂದರೆ ಮನೆ ಹತ್ತಿರದ ನಾಕಾದಿಂದ, ಅಂದರೆ ರಸ್ತೆಗಳು ಕೂಡುವಲ್ಲಿಂದ, ಸ್ಟೇಷನ್ನಿಗೆ ಹೋಗುವ ಶೇರ್ ರಿಕ್ಷಾದ್ದು ಮಾತ್ರ. ಹನ್ನೆರಡು ನಿಮಿಷ.

ಮನೆಯಲ್ಲಿ ಮಾತಾಡಲಿಕ್ಕೆ ಆಗುವುದಿಲ್ಲ. ಕುಕ್ಕರ್ ಕೂಗುತ್ತದೆ, ಮಿಕ್ಸಿ ತಿರುಗುತ್ತದೆ, ಮಗಳು ಫೋನಿನಲ್ಲಿ ಇರುತ್ತಾಳೆ. ನಮ್ಮ ಸಂಸಾರ ನಡೆದದ್ದೇ ರಿಕ್ಷಾದಲ್ಲಿ. ಮಗಳಿಗೆ ಮಾನಸಿ ಎಂದು ಹೆಸರಿಟ್ಟದ್ದು, ಊರಿನ ಯಾವ ಮದುವೆಗೆ ಯಾರು ಹೋಗುವುದು ಎಂದು ತೀರ್ಮಾನವಾದದ್ದು, ನನ್ನ ರಕ್ತದೊತ್ತಡದ ಮಾತ್ರೆ ಬದಲಿಸಿದ್ದು ಎಲ್ಲ ಅಲ್ಲಿಯೇ. ಜಗಳವೂ ಅಲ್ಲಿಯೇ. ನಾಕಾದಲ್ಲಿ ಎತ್ತಿದ ಜಗಳವನ್ನು ಸ್ಟೇಷನ್ ಬರುವುದರೊಳಗೆ ಮುಗಿಸಲೇಬೇಕು. ಯಾಕೆಂದರೆ ಆಚೆ ಡಬ್ಬಿ ಬೇರೆ. ಹನ್ನೆರಡು ನಿಮಿಷಕ್ಕಿಂತ ಉದ್ದನೆಯ ಜಗಳ ನಮ್ಮ ಮನೆಯಲ್ಲಿ ಆದದ್ದೇ ಇಲ್ಲ. ಸುಖದಾಂಪತ್ಯದ ಗುಟ್ಟೇನೆಂದು ಕೇಳುವವರಿಗೆ ನಾನು ಸ್ಟೇಷನ್ನಿನ ಹತ್ತಿರ ಮನೆ ಮಾಡಬೇಡಿ, ಸ್ವಲ್ಪ ದೂರ ಮಾಡಿ ಎನ್ನುತ್ತೇನೆ.

ಶೇರ್ ರಿಕ್ಷಾಕ್ಕೆ ಅದರದ್ದೇ ಆದ ಶಾಸ್ತ್ರವಿದೆ. ಹಿಂದೆ ಮೂವರು. ಹೆಂಗಸು ಮೊದಲು ಹತ್ತಿ ಬಲಗಡೆಯ ಮೂಲೆ ಸೇರಬೇಕು, ಗಂಡ ನಡುವೆ ಗೋಡೆಯಾಗಬೇಕು, ಎಡಗಡೆ ಯಾರು ಬೇಕಾದರೂ ಬರಲಿ. ನಾನು ಇಪ್ಪತ್ತೊಂದು ವರ್ಷ ಗೋಡೆಯಾಗಿದ್ದೆ. ಐದು ನಿಮಿಷ ಕಳೆದ ಮೇಲೆ, ಹಿಟ್ಟಿನ ಗಿರಣಿಯ ಎದುರು, ಒಂದು ಗುಂಡಿ ಬರುತ್ತದೆ. ಮುನಿಸಿಪಾಲಿಟಿಯವರು ಅದನ್ನು ವರ್ಷಕ್ಕೊಮ್ಮೆ ಶ್ರದ್ಧೆಯಿಂದ ಮುಚ್ಚುತ್ತಾರೆ, ಮಳೆ ಅಷ್ಟೇ ಶ್ರದ್ಧೆಯಿಂದ ತೆರೆಯುತ್ತದೆ. ಮಾನಸಿ ಹೊಟ್ಟೆಯಲ್ಲಿದ್ದಾಗ, ಏಳನೇ ತಿಂಗಳಲ್ಲಿ, ಆ ಗುಂಡಿಗೆ ರಿಕ್ಷಾ ಧಡಕ್ಕನೆ ಬಿದ್ದಿತು. ನಾನು ಹೆದರಿ ಸುಮತಿಯ ಮಣಿಕಟ್ಟು ಹಿಡಿದುಕೊಂಡೆ. ಮರುದಿನ ಗುಂಡಿ ಬರುವ ಮೊದಲೇ ಹಿಡಿದುಕೊಂಡೆ. ಮಾನಸಿಗೆ ಈಗ ಹತ್ತೊಂಬತ್ತು ವರ್ಷ. ಕೈ ತನ್ನ ಕೆಲಸ ಬಿಟ್ಟಿಲ್ಲ. ಗಿರಣಿ ಕಂಡ ಕೂಡಲೇ, ಪೇಪರ್ ಓದುತ್ತಿದ್ದರೂ, ಜಗಳ ಆಡುತ್ತಿದ್ದರೂ ಅದು ತಾನಾಗಿ ಬಲಕ್ಕೆ ಹೋಗುತ್ತದೆ. "ನಾನೆಂತ ಬೀಳ್ಲಿಕ್ಕೆ ಬಂದ ಡಬ್ಬಿಯಾ ಮಾರಾಯ್ರೆ?" ಎಂದು ಅವಳು ಒಂದೆರಡು ಸಲ ಹೇಳಿದ್ದುಂಟು. ಆದರೆ ಕೈ ಎಳೆದುಕೊಂಡದ್ದಿಲ್ಲ.

ಇಂಥ ಹನ್ನೆರಡು ನಿಮಿಷಕ್ಕೆ ಕಲ್ಲು ಹಾಕಿದವನು ಯಾರೆಂದು ಹುಡುಕುತ್ತ ಹೋದರೆ ನಾನೇ ಸಿಗುತ್ತೇನೆ. ನಮ್ಮ ಕನ್ನಡ ಸಂಘದಲ್ಲಿ ನನಗೆ ಚಿಂತಕ ಎಂಬ ಹೆಸರಿದೆ. ಚಿಂತೆ ಮಾಡುವವನಿಗೂ ಚಿಂತಕನಿಗೂ ಇರುವ ವ್ಯತ್ಯಾಸ ಅವರಿಗೆ ತಿಳಿದಿಲ್ಲ; ನಾನು ಹೇಳಲಿಕ್ಕೂ ಹೋಗಿಲ್ಲ. ಕಳೆದ ವರ್ಷದ ವಾರ್ಷಿಕೋತ್ಸವದಲ್ಲಿ ನನ್ನಿಂದ 'ನಾಳೆಯ ನಗರ, ನಾಳೆಯ ಸಂಚಾರ' ಎಂಬ ವಿಷಯದ ಮೇಲೆ ಭಾಷಣ ಮಾಡಿಸಿದರು. ಭಾಷಣಕ್ಕೂ ಊಟಕ್ಕೂ ನಡುವೆ ಬೇರೇನೂ ಇರಲಿಲ್ಲವಾದ್ದರಿಂದ ಜನ ಕುಳಿತಿದ್ದರು. ನಾನು ಹೊಗೆಯ ಬಗ್ಗೆ ಹೇಳಿದೆ. ಸುಸ್ಥಿರತೆ ಎಂಬ ಪದವನ್ನು ಎಡವದೆ ಆರು ಸಲ ಉಚ್ಚರಿಸಿದೆ. ನಾಳೆಯ ವಾಹನಕ್ಕೆ ಸದ್ದಿರುವುದಿಲ್ಲ, ಅದು ಗಾಳಿಯನ್ನು ಕೆಡಿಸುವುದಿಲ್ಲ, ನಾವು ಇಂದೇ ನಾಳೆಗೆ ಕಾಲಿಡೋಣ ಎಂದು ಮೇಜು ಕುಟ್ಟಿದೆ. ಚಪ್ಪಾಳೆ ಬಿತ್ತು. ಎಲ್ಲರೂ ಎದ್ದು ಊಟಕ್ಕೆ ಕಾಲಿಟ್ಟರು. ಮೂರನೇ ಸಾಲಿನಲ್ಲಿ ಕುಳಿತಿದ್ದ ಒಬ್ಬಳು ಮಾತ್ರ ಭಾಷಣವನ್ನು ನಂಬಿದಳು. ನನ್ನ ಜೀವಮಾನದಲ್ಲಿ ನನ್ನ ಮಾತಿಗೆ ಬೆಲೆ ಕೊಟ್ಟ ಒಬ್ಬಳೇ ಒಬ್ಬಳು ಶ್ರೋತೃ ನನ್ನ ಮನೆಯಲ್ಲಿಯೇ ಇರಬೇಕೆ?

ಸಂಘದ ಕುಲಕರ್ಣಿಯವರು ಧಾರವಾಡದ ಕಡೆಯವರು. ಗಾಡಿ ಬಂದ ಸುದ್ದಿ ತಿಳಿದು ಫೋನು ಮಾಡಿದರು. "ಏನ್ರೀ ರಾಯರ, ಬಾಯಾರು ಗಾಡಿ ತಗೊಂಡ್ರಂತ? ಛಲೋ ಆತ್ ಬಿಡ್ರಿ. ಭಾಷಣಾ ನೀವ್ ಮಾಡಿದ್ರಿ, ಕೆಲಸಾ ಅವ್ರು ಮಾಡಿದ್ರು!" ಎಂದು ನಕ್ಕರು. ನಾನೂ ನಕ್ಕೆ. ಫೋನಿನಲ್ಲಿ ಮುಖ ಕಾಣುವುದಿಲ್ಲವೆಂಬುದು ತಂತ್ರಜ್ಞಾನದ ಹಳೆಯ ಉಪಕಾರಗಳಲ್ಲಿ ಒಂದು.

ಕೊಳ್ಳುವ ಮೊದಲು ಗಾಡಿ ಬೇಡವೆನ್ನಲು ನಾನು ಪ್ರಯತ್ನ ಮಾಡದೆ ಇರಲಿಲ್ಲ. ಭಾಷಣದಲ್ಲಿ ಬಳಸಿ ಉಳಿದಿದ್ದ ವಾದಗಳನ್ನು ತಂದೆ. "ನೋಡು ಸುಮತಿ, ಹೊಗೆ ಇಲ್ಲದಿದ್ದರೆ ಸಾಲದು. ಒಬ್ಬರಿಗೊಂದು ಗಾಡಿ ಅಂದರೆ ರಸ್ತೆ ತುಂಬುವುದು ತುಂಬುವುದೇ. ನಾಳೆಯ ನಗರಕ್ಕೆ ಬೇಕಾದದ್ದು ಹಂಚಿಕೊಂಡು ಹೋಗುವ ವಾಹನ. ನಮ್ಮ ಶೇರ್ ರಿಕ್ಷಾಕ್ಕಿಂತ ಸುಸ್ಥಿರವಾದದ್ದು ಪ್ರಪಂಚದಲ್ಲಿ ಬೇರೇನುಂಟು?" ಇದು ಕೇವಲ ಹೊಟ್ಟೆಕಿಚ್ಚಿನ ಮಾತಲ್ಲ, ನಿಜವೇ. ಮೂವರು ಕೂರುವಲ್ಲಿ ನಾಲ್ವರು ಕೂರುವುದು, ಮೂರನೆಯವನು ಬರುವ ತನಕ ಗಾಡಿ ಹೊರಡದಿರುವುದು, ಟ್ರೇನಿನಲ್ಲಿ ಮೂರು ಜನರ ಬೆಂಚಿನ ತುದಿಗೆ ನಾಲ್ಕನೆಯವನು ಅರ್ಧ ಕುಂಡೆ ಇಟ್ಟು ಕುಳಿತು ಅದಕ್ಕೆ ಫೋರ್ತ್ ಸೀಟ್ ಎಂದು ಗೌರವದ ಹೆಸರು ಕೊಡುವುದು, ಇವೆಲ್ಲ ಯಾವ ವಿಜ್ಞಾನಿಯೂ ನಮಗೆ ಕಲಿಸಿದ್ದಲ್ಲ. ಸುಸ್ಥಿರತೆ ಎಂಬ ಪದ ಹುಟ್ಟುವ ಮೊದಲೇ ನಾವು ಅದರ ಮೇಲೆ ಕುಳಿತಿದ್ದೆವು, ಅರ್ಧ ಮಾತ್ರ.

ಸುಮತಿ ಎಲ್ಲ ಕೇಳಿದಳು. ಅವಳು ಕಾರ್ಕಳದವಳು, ಗಲಾಟೆ ಮಾಡುವುದಿಲ್ಲ. "ಸರಿ. ಹಂಚಿಕೊಂಡೇ ಹೋಗುವ. ನೀವು ಹಿಂದೆ ಕೂತ್ಕೊಳ್ಳಿ. ನಾನು ಸ್ಟೇಷನ್ನಿಗೆ ಬಿಟ್ಟು ಮುಂದೆ ಹೋಗ್ತೇನೆ" ಎಂದಳು.

ಸ್ಟೇಷನ್ನು ಇರುವುದು ಒಂದು ದಿಕ್ಕಿಗೆ, ಐರೋಲಿಗೆ ಹೋಗುವ ಶೀಳ್ ರಸ್ತೆ ಇರುವುದು ಅದರ ಎದುರು ದಿಕ್ಕಿಗೆ. ಅದನ್ನೇ ನೆಪ ಮಾಡಿ, ಸುಮ್ಮನೆ ಬ್ಯಾಟರಿ ಹಾಳು ಎಂದೆ. ನಿಜ ಹೇಳಬೇಕೆಂದರೆ ನನಗೆ ಎರಡು ಚಕ್ರದ ಮೇಲೆ ನಂಬಿಕೆಯೇ ಇಲ್ಲ. ಸೈಕಲ್ಲೂ ಬಾರದ ಮನುಷ್ಯ ನಾನು. ನಿಂತರೆ ಬೀಳುವ ವಸ್ತು ಓಡಿದರೆ ಬೀಳುವುದಿಲ್ಲ ಎಂಬ ಮಾತು ನನಗೆ ಯಾವತ್ತೂ ಅನುಮಾನದ್ದು. ಜೊತೆಗೆ, ನಮ್ಮ ಬಿಲ್ಡಿಂಗಿನ ಅಷ್ಟೂ ಕಿಟಕಿಗಳ ಕೆಳಗೆ ಹೆಂಡತಿಯ ಬೆನ್ನ ಹಿಂದೆ ಟಿಫಿನ್ ಚೀಲ ಹಿಡಿದು ಕೂರುವುದೆಂದರೆ, ಬಿಡಿ, ಅದನ್ನು ಬರೆಯುವುದು ಬೇಡ.

"ಟ್ರೇನಿಗೆ ಏನಾಗಿದೆ ಈಗ?" ಎಂದು ಕೊನೆಗೆ ಕೇಳಿದೆ.

"ಟ್ರೇನಿಗೆ ಎಂತ ಆಗ್ಲಿಲ್ಲ. ನನ್ನ ಮೊಣಕಾಲಿಗೆ ಆಗಿದೆ" ಎಂದಳು. "ಇಪ್ಪತ್ತೊಂದು ವರ್ಷ ನಿಂತ್ಕೊಂಡು ಹೋದೆ. ಇನ್ನು ಕೂತ್ಕೊಂಡು ಹೋಗ್ತೇನೆ. ಅಷ್ಟೇ."

ಭಾಷಣ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ: ನಾಳೆಯ ಸಂಚಾರದ ಬಗ್ಗೆ ಆರು ಸಲ ಸುಸ್ಥಿರತೆ ಎಂದ ನಾನು ಈ ಎರಡು ವಾಕ್ಯದ ಹತ್ತಿರವೂ ಸುಳಿದಿರಲಿಲ್ಲ.

ಇಂಥ ಹೊತ್ತಿನಲ್ಲಿ ಮನುಷ್ಯ ಪುರಾಣದ ಕಡೆಗೆ ನೋಡುತ್ತಾನೆ. ನಮ್ಮ ದೇವರುಗಳಿಗೆಲ್ಲ ಒಂದೊಂದು ವಾಹನ. ಒಂದಕ್ಕೂ ಹೊಗೆ ಇಲ್ಲ. ಹುಲ್ಲು, ಕಾಳು, ಹಾವು ತಿಂದು ಓಡುವಂಥವು. ಶಿವನ ಮನೆಯೊಂದನ್ನೇ ನೋಡಿ: ಮಕ್ಕಳಿಬ್ಬರಿಗೆ ಇಲಿ ಮತ್ತು ನವಿಲು, ಗಂಡ ಹೆಂಡಿರಿಗೆ ಒಂದು ಎತ್ತು. ಎಷ್ಟು ಪಟಗಳಲ್ಲಿ ಅವರಿಬ್ಬರೂ ಒಂದೇ ಎತ್ತಿನ ಮೇಲೆ ಕುಳಿತಿಲ್ಲ! ಅದು ಕೈಲಾಸದ ಶೇರ್ ರಿಕ್ಷಾ. ಆಮೇಲೆ ಯಾವಾಗಲೋ ಪಾರ್ವತಿಗೆ ಸ್ವಂತದ್ದೊಂದು ಸಿಂಹ ಬಂತು. ದೊಡ್ಡ ದೊಡ್ಡ ಕೆಲಸಗಳಿಗೆಲ್ಲ ಅವಳು ಅದರ ಮೇಲೆ ಒಬ್ಬಳೇ ಹೋಗಿದ್ದಾಳೆ. ಅವಳು ಹೋದ ಮೇಲೆ ಶಿವ ಏನು ಮಾಡುತ್ತಿದ್ದ ಎಂದು ಮಾತ್ರ ಪುರಾಣಿಕರು ಹೇಳಿದ್ದನ್ನು ನಾನು ಕೇಳಿಲ್ಲ. ಕಣ್ಣು ಮುಚ್ಚಿ ತಪಸ್ಸು ಮಾಡುತ್ತಿದ್ದ ಎನ್ನುತ್ತಾರೆ. ತಪಸ್ಸೇ ಇರಬೇಕೆಂದೇನಿದೆ? ಚಿಂತೆ ಮಾಡುವವನೂ ದೂರದಿಂದ ಹಾಗೆಯೇ ಕಾಣುತ್ತಾನೆ.

ಸಿಂಹ ನಮ್ಮ ಮನೆಗೆ ನವರಾತ್ರಿಯ ಮೊದಲ ದಿನ ಬಂತು. ಬಂದ ಮೇಲೆ ಅದಕ್ಕೆ ಅಂಗಿ ಬೇಕಾಯಿತು. ಬಿಸಿಲಿಗೆ ಸೀಟು ಒಡೆಯುತ್ತದಂತೆ, ಪಾರಿವಾಳಗಳು ಹಿಕ್ಕೆ ಹಾಕುತ್ತವಂತೆ. ಒಳ್ಳೆಯ ಹೊದಿಕೆ ಉಲ್ಹಾಸನಗರದಲ್ಲಿ ಸಿಗುತ್ತದೆಂದು ಅವಳ ಜೊತೆ ಕೆಲಸ ಮಾಡುವವರು ಯಾರೋ ಹೇಳಿದರು. ಭಾನುವಾರ ನಾನು ಲೋಕಲ್ ಹತ್ತಿ, ಕಲ್ಯಾಣ ದಾಟಿ, ಉಲ್ಹಾಸನಗರದ ಗಲ್ಲಿಗಳಲ್ಲಿ ಹೆಗಲಿಗೆ ಹೆಗಲು ತಿಕ್ಕುತ್ತ ನನ್ನ ಪ್ರತಿಸ್ಪರ್ಧಿಗೆ ಅಂಗಿ ಹುಡುಕಿದೆ. ಮಾಪು ಬರೆದ ಚೀಟಿ ಜೇಬಿನಲ್ಲಿತ್ತು. ಅಂಗಡಿಯವನು, "ಒಳಗೆ ಮೆತ್ತನೆಯ ಅಸ್ತರು ಇರುವುದು ಬೇಕೋ, ಸಾದಾ ಬೇಕೋ?" ಎಂದು ಹಿಂದಿಯಲ್ಲಿ ಕೇಳಿದ. ನನ್ನ ಸ್ವೆಟರಿನ ಮೊಣಕೈ ಎರಡು ಚಳಿಗಾಲದಿಂದ ಹರಿದಿದೆ ಎಂಬುದು ಆಗ ನೆನಪಾಯಿತು. ಅಸ್ತರಿನದ್ದೇ ಕೊಡಪ್ಪ ಎಂದೆ. ಹೊಟ್ಟೆಕಿಚ್ಚು ಪಡುವವನಿಗೂ ಒಂದು ಮರ್ಯಾದೆ ಇರುತ್ತದೆ.

ಆದರೆ ನಮ್ಮ ಬಿಲ್ಡಿಂಗಿನ ಸೊಸೈಟಿಯ ಮೀಟಿಂಗಿನಲ್ಲಿ ಆ ಮರ್ಯಾದೆ ಉಳಿಯಲಿಲ್ಲ. ಇದು ನನ್ನ ಎರಡನೇ ತಪ್ಪೊಪ್ಪಿಗೆ.

ಕೆಳಗೆ ಪಾರ್ಕಿಂಗಿನಲ್ಲಿ ಒಂದು ಪ್ಲಗ್ ಪಾಯಿಂಟ್ ಬೇಕೆಂದು ಸುಮತಿ ಅರ್ಜಿ ಕೊಟ್ಟಿದ್ದಳು. ಸೆಕ್ರೆಟರಿ ಸಾವಂತರು ಪದ್ಧತಿಯಂತೆ "ಆಧೀ ಮೀಟಿಂಗ್ ಘೇಊ, ಮಗ್ ಬಘೂ" ಎಂದರು. ಮೊದಲು ಮೀಟಿಂಗು, ಆಮೇಲೆ ನೋಡೋಣ. ಮೀಟಿಂಗಿನಲ್ಲಿ ನೆಲಮಹಡಿಯ ಅಜ್ಜಿಯೊಬ್ಬರು ಕರೆಂಟು ನೆಲದೊಳಗೆ ಹರಿದು ತನ್ನ ತುಳಸಿಗೆ ಬರುತ್ತದೆಯೇ ಎಂದು ಕೇಳಿದರು. ಇನ್ನೊಬ್ಬರು ಇಂದು ಸ್ಕೂಟರಿಗೆ ಕೊಟ್ಟರೆ ನಾಳೆ ಕಾರಿನವರು ಕೇಳುತ್ತಾರೆ, ನಾಡಿದ್ದು ವಿಮಾನದವರು ಕೇಳುತ್ತಾರೆ ಎಂದರು. ಸಾವಂತರು ನನ್ನ ಕಡೆ ತಿರುಗಿ, "ರಾವ್ ಸಾಹೇಬ್, ತುಮ್ಹೀ ಬೋಲಾ. ತುಮಚಾ ತರ್ ಅಭ್ಯಾಸ್ ಆಹೇ" ಎಂದರು. ನೀವು ಹೇಳಿ, ನೀವು ಇದನ್ನೆಲ್ಲ ಓದಿದವರು. ಸುಮತಿ ನನ್ನ ಕಡೆ ನೋಡಿದಳು. ಅಂದು ಮೂರನೇ ಸಾಲಿನಿಂದ ನೋಡಿದ್ದಳಲ್ಲ, ಅದೇ ನೋಟ.

ಒಂದೇ ಒಂದು ವಾಕ್ಯ ಸಾಕಿತ್ತು. ನನ್ನ ಬಾಯಿಂದ ಬಂದದ್ದು ಹೀಗೆ: "ತತ್ವ ಸರಿಯೇ. ಆದರೆ ಸುರಕ್ಷತೆಯ ದೃಷ್ಟಿಯಿಂದ ಇನ್ನೂ ಸ್ವಲ್ಪ ಅಧ್ಯಯನ ಮಾಡುವುದು ಒಳ್ಳೆಯದು." ಎಲ್ಲರೂ ತಲೆಯಾಡಿಸಿದರು. ಅಧ್ಯಯನ ಎಂದ ಮೇಲೆ ಯಾರೂ ಏನೂ ಮಾಡಬೇಕಾಗಿಲ್ಲವಲ್ಲ. ಪ್ಲಗ್ಗು ಮುಂದಕ್ಕೆ ಹೋಯಿತು.

ಆ ಸ್ಕೂಟರಿನ ಬ್ಯಾಟರಿಯನ್ನು ಕಳಚಿ ಮನೆಗೆ ಒಯ್ಯಬಹುದು; ಹಿಡಿಕೆಯೂ ಇದೆ. ಆ ಸಂಜೆ ಸುಮತಿ ಸೀಟು ಎತ್ತಿ, ಅದನ್ನು ಹೊರಗೆ ತೆಗೆದು, ನನ್ನ ಎದುರು ಇಟ್ಟು, "ಮೊಣಕಾಲು" ಎಂದಳು. ಒಂದೇ ಶಬ್ದ. ನಮ್ಮದು ಮೂರನೇ ಮಹಡಿ. ಬಿಲ್ಡಿಂಗು ಹಳೆಯದು, ಲಿಫ್ಟ್ ಇಲ್ಲ.

ಅಂದಿನಿಂದ ದಿನಾ ಸಂಜೆ ನಾನು ನನ್ನ ಹೊಟ್ಟೆಕಿಚ್ಚನ್ನು ಮೂರು ಮಹಡಿ ಹೊರುತ್ತಿದ್ದೇನೆ. ಅದು ಒಂದು ವರ್ಷದ ಮಗುವಿನಷ್ಟು ಭಾರ ಇದೆ. ಮೊದಲನೇ ಮಹಡಿಯಲ್ಲಿ ಕೈ ಬದಲಿಸುತ್ತೇನೆ, ಎರಡನೆಯದರಲ್ಲಿ ಸೊಂಟಕ್ಕೆ ಏರಿಸಿಕೊಳ್ಳುತ್ತೇನೆ. ಎದುರಿಗೆ ಸಿಕ್ಕ ಸಾವಂತರು ಒಂದು ದಿನ, "ಅಭ್ಯಾಸ್ ಚಾಲೂ ಆಹೇ ಕಾ?" ಅಧ್ಯಯನ ನಡೆದಿದೆಯೇ ಎಂದು ಕೇಳಿದರು. ಏದುಸಿರಿನಲ್ಲಿ ಹೌದೆಂದೆ. ಮನೆಗೆ ತಂದು ಇಡುವುದು ಎಲ್ಲಿ? ದೊಡ್ಡ ಪ್ಲಗ್ಗು ಇರುವುದು ನನ್ನ ಆರಾಮಕುರ್ಚಿಯ ಪಕ್ಕದಲ್ಲಿ. ಹಾಗಾಗಿ ಕುರ್ಚಿ ಬಾಲ್ಕನಿಯ ಬಾಗಿಲಿಗೆ ಸರಿಯಿತು. ನಾನು ಅಲ್ಲಿ ಸೊಳ್ಳೆಗಳ ಜೊತೆ ಕುಳಿತು ನೋಡುತ್ತೇನೆ: ಅದು ನನ್ನ ಜಾಗದಲ್ಲಿ ಕುಳಿತು, ಸಣ್ಣ ಹಸಿರು ಕಣ್ಣು ಮಿಟುಕಿಸುತ್ತ, ಊಟ ಮಾಡುತ್ತಿರುತ್ತದೆ.

ದಸರೆ ಮುಗಿಯುವ ತನಕ ಸುಮತಿ ಅದನ್ನು ಸಂಜೆ ಹೊತ್ತು ಹತ್ತಿರದ ರಸ್ತೆಗಳಲ್ಲಿ ಓಡಿಸಿ ಕೈ ಪಳಗಿಸುತ್ತಿದ್ದಳು, ಅಷ್ಟಕ್ಕೇ ಅದಕ್ಕೆ ಹಸಿವು. ಆ ಹಸಿವಿನ ಲೆಕ್ಕ ಅವಳ ಫೋನಿನಲ್ಲಿ ಕಾಣುತ್ತದೆ. ಸಾರಿಗೆ ಒಗ್ಗರಣೆ ಹಾಕುತ್ತ ಅವಳು ಫೋನು ನೋಡಿ, "ಅರವತ್ತೆಂಟು ಆಯ್ತು" ಎನ್ನುತ್ತಾಳೆ. ಬಡಿಸುವಾಗ, "ಎಂಬತ್ತು. ಇನ್ನು ಸ್ವಲ್ಪ ಉಂಟು" ಎನ್ನುತ್ತಾಳೆ. ನೂರಾದಾಗ ಅವಳ ಮುಖದಲ್ಲಿ ಒಂದು ತೃಪ್ತಿ ಕಾಣುತ್ತದೆ, ಮಾನಸಿ ಚಿಕ್ಕವಳಿದ್ದಾಗ ಬಟ್ಟಲು ಖಾಲಿ ಮಾಡಿದ ದಿನ ಕಾಣುತ್ತಿದ್ದಂಥದ್ದು. ಒಮ್ಮೆ ನಾನು ತಡೆಯಲಾರದೆ, "ನನ್ನದು ಎಷ್ಟಾಗಿದೆ ಅಂತ ಯಾರಾದರೂ ನೋಡ್ತಾರಾ ಈ ಮನೆಯಲ್ಲಿ?" ಎಂದುಬಿಟ್ಟೆ.

ಮಾನಸಿ ಫೋನಿನಿಂದ ತಲೆ ಎತ್ತಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ. ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. "ಪಪ್ಪಾ, ತುಮ್ಹೀ ಜೆಲಸ್ ಆಹಾತ್! ಸ್ಕೂಟರ್‌ವರ್!" ಎಂದು ಕೂಗಿದಳು. "ಆಯೀ, ಬಘ್ ನಾ, ಪಪ್ಪಾ ಸ್ಕೂಟರ್‌ವರ್ ಜೆಲಸ್ ಆಹೇತ್!" ಅಮ್ಮಾ, ನೋಡು, ಪಪ್ಪನಿಗೆ ಸ್ಕೂಟರಿನ ಮೇಲೆ ಹೊಟ್ಟೆಕಿಚ್ಚು!

"ಗೊತ್ತುಂಟು" ಎಂದಳು ಸುಮತಿ, ಸಾರಿನ ಪಾತ್ರೆ ಕೆಳಗಿಡುತ್ತ. "ಮೀಟಿಂಗಿನಲ್ಲೇ ಗೊತ್ತಾಯ್ತು."

ಆ ಮಾತಿನ ಮೇಲೆ ನಾನು ಎರಡು ಸಲ ಹೆಚ್ಚಿಗೆ ಅನ್ನ ಹಾಕಿಸಿಕೊಂಡೆ. ಬೇರೇನು ಮಾಡಬಹುದಿತ್ತು?

ಆಯುಧಪೂಜೆಯ ದಿನ ಸ್ಕೂಟರನ್ನು ತೊಳೆದವನೂ ನಾನೇ. ಕುಂಕುಮ, ಸೇವಂತಿಗೆ ಮಾಲೆ, ಚಕ್ರದಡಿಗೆ ಎರಡು ನಿಂಬೆಹಣ್ಣು. ಪೂಜೆ ಮಾಡುವಾಗ ಒಂದು ಸಂಗತಿ ಹೊಳೆಯಿತು. ಅವಳ ಕ್ಷೇಮವನ್ನು ಬೇಡಬೇಕಾದರೆ ಇದರ ಕ್ಷೇಮವನ್ನು ಬೇಡಲೇಬೇಕು. ಇದು ಕೆಡಲಿ ಎಂದು ಒಳಗೊಳಗೆ ಆಸೆ, ಇದು ಕೆಟ್ಟರೆ ಅವಳು ಶೀಳ್‌ಫಾಟಾದಲ್ಲಿ ನಡುನೀರಿನಲ್ಲಿ ನಿಂತಂತೆ ಎಂಬ ಭಯ. ಹೊಟ್ಟೆಕಿಚ್ಚಿಗೂ ಚಿಂತೆಗೂ ಹೀಗೆ ನನ್ನೊಳಗೆ ಜಗಳ ಹತ್ತಿತು. ಚಿಂತೆ ಹಿರಿಯದು, ತಂದೆಯ ಕಾಲದ್ದು, ಅದೇ ಗೆದ್ದಿತು. ದೇವರೇ, ಇದಕ್ಕೆ ಏನೂ ಆಗದಿರಲಿ ಎಂದು ಮನಸಾರೆ ಕೈ ಮುಗಿದೆ.

ಹಾಗೆ ಬಂತು ಸೋಮವಾರ, ಅವಳು ಗಾಡಿಯಲ್ಲಿ ಕೆಲಸಕ್ಕೆ ಹೋಗುವ ಮೊದಲ ದಿನ. ನೂರು ತುಂಬಿದ ಬ್ಯಾಟರಿಯನ್ನು ಕೆಳಗೆ ಹೊತ್ತು ತಂದು ಕೂರಿಸಿದೆ. ಸುಮತಿ ದುಪಟ್ಟಾವನ್ನು ಗಂಟು ಹಾಕಿ ಬಿಗಿದಳು, ಹೆಲ್ಮೆಟ್ಟು ಹಾಕಿದಳು, ಕನ್ನಡಿ ಸರಿಮಾಡಿದಳು. ಆ ಕನ್ನಡಿಯಲ್ಲಿ ಒಂದು ಗಳಿಗೆ ನಾನಿದ್ದೆ.

"ಮುಟ್ಟಿದ ಕೂಡಲೇ ಮೆಸೇಜು ಹಾಕು" ಎಂದೆ. "ಟ್ರಕ್ಕಿನ ಹಿಂದೆ ಹೋಗಬೇಡ. ಟ್ರಕ್ಕಿನ ಮುಂದೆಯೂ ಹೋಗಬೇಡ."

"ಹಾಗಾದ್ರೆ ಅಡಿಗೆ ಹೋಗ್ಬೇಕಾ?" ಎಂದಳು. ನಕ್ಕಳು. "ನೀವು ಜಾಗ್ರತೆ. ಒಬ್ರೇ ಹೋಗ್ತಿದ್ದೀರಿ."

ಸದ್ದಿಲ್ಲದೆ ಹೋದಳು. ಹಳೆಯ ಗಾಡಿಯಾಗಿದ್ದರೆ ತಿರುವು ದಾಟಿದ ಮೇಲೂ ಸ್ವಲ್ಪ ಹೊತ್ತು ಕೇಳುತ್ತಿತ್ತು, ಇಲ್ಲೇ ಇದ್ದಾಳೆ, ಇಲ್ಲೇ ಇದ್ದಾಳೆ ಎಂದುಕೊಳ್ಳಬಹುದಿತ್ತು. ನಾಳೆಯ ವಾಹನಕ್ಕೆ ಸದ್ದಿರುವುದಿಲ್ಲ ಎಂದು ಮೇಜು ಕುಟ್ಟಿ ಹೇಳಿದ್ದೆನಲ್ಲ, ಈ ಒಂದು ನಷ್ಟವನ್ನು ನಾನು ಆಗ ಯೋಚಿಸಿರಲಿಲ್ಲ.

ಅವಳು ಕ್ಷೇಮವಾಗಿ ಮುಟ್ಟಿದಳು. ಮೆಸೇಜು ಬಂತು: "ಮುಟ್ಟಿದೆ. ಇನ್ನೂ ಎಪ್ಪತ್ತು ಉಂಟು." ಸಂಜೆ ಅಷ್ಟೇ ಕ್ಷೇಮವಾಗಿ ಬಂದಳು. ಟ್ರಕ್ಕುಗಳು ತಮ್ಮ ಪಾಡಿಗೆ ಹೋದವು, ನಾಯಿಗಳು ಮಲಗಿದ್ದವು, ಮಳೆ ಬರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ಕೆಲಸದಿಂದ ಬಂದು ಸೋಫಾದ ಮೇಲೆ ಬೀಳದೆ, ನೇರ ಅಡುಗೆಮನೆಗೆ ಹೋಗಿ, ಏನೋ ಗುನುಗುತ್ತ ಚಹಾಕ್ಕೆ ಇಟ್ಟಳು. ನಾನು ಬ್ಯಾಟರಿಯನ್ನು ನನ್ನ ಜಾಗದಲ್ಲಿ ಕೂರಿಸಿ ವಯರು ಸಿಕ್ಕಿಸುತ್ತಿದ್ದಾಗ ಒಳಗಿನಿಂದ ಕೇಳಿದಳು, "ನಿಮ್ಮದು ಹೇಗಾಯ್ತು ಬೆಳಿಗ್ಗೆ? ಎಂತ ತೊಂದರೆ ಆಗ್ಲಿಲ್ಲ ಅಲ್ಲಾ?"

"ನನಗೆಂಥ ತೊಂದರೆ" ಎಂದೆ.

ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಬೆಳಿಗ್ಗೆ ನಾಕಾದ ಸಾಲಿನಲ್ಲಿ ನನ್ನ ಮುಂದೆ ಒಬ್ಬ ದಪ್ಪ ಮೈಯ ಮನುಷ್ಯ ಇದ್ದ. ದಿನಾ ಕಾಣುವ ಮುಖ, ಮಾತಾಡಿದ್ದಿಲ್ಲ. ಅವನು ಮೊದಲು ಹತ್ತಿ ಬಲಗಡೆಯ ಮೂಲೆ ಸೇರಿದ. ನಾನು ಹತ್ತಿ, ಎಂದಿನಂತೆ, ನಡುವೆ ಕುಳಿತೆ. ಎಡಗಡೆಗೆ ಇನ್ನೊಬ್ಬ ಬಂದ. ರಿಕ್ಷಾ ಹೊರಟಿತು. ನಾನು ಆ ಹೊತ್ತಿಗೆ ಸುಮತಿ ಎಲ್ಲಿರಬಹುದು, ಮೆಟ್ರೋ ಕಂಬಗಳ ಹತ್ತಿರ ಬಂದಳೋ, ಇನ್ನೂ ಇಲ್ಲವೋ ಎಂದು ಎಣಿಸುತ್ತಿದ್ದೆ. ಹಿಟ್ಟಿನ ಗಿರಣಿ ಬಂತು. ರಿಕ್ಷಾ ಧಡಕ್ಕನೆ ಗುಂಡಿಗೆ ಇಳಿಯಿತು. ಬೆರಳಿಗೆ ತಣ್ಣಗೆ ಬಳೆ ತಾಗಿತು. ಸದ್ಯ, ಹಿಡಿದುಕೊಂಡಿದ್ದೇನೆ ಎಂದುಕೊಂಡೆ. ಆಮೇಲೆ ನೋಡಿದರೆ ಅದು ಸ್ಟೀಲಿನ ಕಡಗ. ಅದರ ಸುತ್ತ ಕೂದಲು ತುಂಬಿದ, ನನ್ನ ಮುಷ್ಟಿಗೆ ಅರ್ಧವೂ ಸಿಗದ ಒಂದು ಮಣಿಕಟ್ಟು.

ಅವನು ಕೈ ಕೊಸರಲಿಲ್ಲ. ನನ್ನ ಮುಖ ನೋಡಿದ. "ಆಜ್ ಕಾಕೀ ನಹೀ ಆಯೀ?" ಇವತ್ತು ಕಾಕಿ ಬರಲಿಲ್ಲವೇ ಎಂದು ಕೇಳಿದ.

"ಸ್ಕೂಟರ್ ಪೆ ಗಯೀ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಖುದ್ ಕೀ ಹೈ. ಬ್ಯಾಟರೀವಾಲೀ. ಐರೋಲೀ ತಕ್, ಅಕೇಲೀ" ಸ್ವಂತದ್ದು, ಬ್ಯಾಟರಿಯದ್ದು, ಐರೋಲಿಯವರೆಗೆ ಒಬ್ಬಳೇ ಎಂಬ ಮಾತೂ ನನ್ನ ಬಾಯಿಂದ ಬಂತು, ಎದೆ ಉಬ್ಬಿಸಿ ಹೇಳಿದ ಹಾಗೆ. ಆ ದನಿ ಯಾರದ್ದೋ ನನಗೆ ತಿಳಿಯಲಿಲ್ಲ.

"ಅರೇ ವಾಹ್" ಎಂದ ಅವನು. ಸ್ವಲ್ಪ ದೂರ ಹೋದ ಮೇಲೆ, ಎಡಗಡೆಯವನಿಗೆ ಕೇಳಿಸದಷ್ಟು ಮೆಲ್ಲಗೆ, "ಕಾಕಾ, ಖಡ್ಡಾ ತೋ ಕಬ್ ಕಾ ನಿಕಲ್ ಗಯಾ" ಎಂದ.

ಹೌದು. ಗುಂಡಿ ಯಾವಾಗಲೋ ದಾಟಿತ್ತು. ನಾನು ಇನ್ನೂ ಹಿಡಿದುಕೊಂಡೇ ಇದ್ದೆ.